ಬದಲಿಗೆ ಏನೆಂದು ಯಾರೂ ಹೇಳಲಿಲ್ಲ

ಮೊದಲು ಬಂದದ್ದು ಏದುಸಿರು.

ನಾನು ರಾಯಬಾಗದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ಕಚೇರಿ ಇರುವುದು ಮೊದಲ ಮಹಡಿಯಲ್ಲಿ. ದಿನಾ ಹತ್ತಿ ಇಳಿಯುವ ಅದೇ ಮೆಟ್ಟಿಲುಗಳ ಅರ್ಧಕ್ಕೆ ಆ ವಾರ ನಿಲ್ಲಬೇಕಾಯಿತು. ಕಂಬಿ ಹಿಡಿದು, ಯಾರಾದರೂ ನೋಡುತ್ತಿದ್ದಾರೇನೋ ಎಂದು ಸುತ್ತ ಕಣ್ಣಾಡಿಸಿ, ಸೀರೆಯ ನಿರಿಗೆ ಸರಿಮಾಡಿಕೊಳ್ಳುವವಳಂತೆ ನಟಿಸಿ ಮತ್ತೆ ಹತ್ತಿದೆ. ಬಸುರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಆಗ ನನಗೆ ಎರಡು ತಿಂಗಳು ತುಂಬುತ್ತ ಬಂದಿತ್ತು.

ಆದರೆ ನಾನು ಎಲ್ಲರಂಥ ಬಸುರಿಯಲ್ಲ. ನನ್ನ ಹೃದಯದಲ್ಲಿರುವ ಒಂದು ವಾಲ್ವ್ ನಾನು ಹುಟ್ಟುವಾಗ ತಂದದ್ದಲ್ಲ. ಚಿಕ್ಕವಳಿದ್ದಾಗ ಕೀಲುಗಳು ಬಾತು ಜ್ವರ ಬರುತ್ತಿತ್ತು. ಜ್ವರವೇನೋ ಬಿಟ್ಟಿತು, ಹೋಗುವಾಗ ಹೃದಯದ ವಾಲ್ವ್ ಕೆಡಿಸಿ ಹೋಯಿತು. ಡಿಗ್ರಿ ಓದುವಾಗ ಮಿರಜದಲ್ಲಿ ಎದೆ ತೆರೆದು ಕೃತಕ ವಾಲ್ವ್ ಕೂಡಿಸಿದರು. ಅಂದಿನಿಂದ ದಿನಾ ಸಂಜೆ ಒಂದು ಗುಳಿಗೆ. ವಾರ್ಫರಿನ್ ಎಂದು ಅದರ ಹೆಸರು. ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಅದರ ಕೆಲಸ. ಜೀವ ಇರುವವರೆಗೆ ಬಿಡುವಂತಿಲ್ಲ.

ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟವಳಲ್ಲ. ನೋಡಲು ಬಂದ ದಿನವೇ ಮಿಲಿಂದರಿಗೆ ಹೇಳಿದ್ದೆ. ಅವರು ರೈಲ್ವೆಯಲ್ಲಿ ಸಿಗ್ನಲ್ ದುರಸ್ತಿಯ ಕೆಲಸದವರು. ‘ನಡದೈತಲ್ಲ ಈಗ? ನಡೀತಿದ್ರ ಆತು’ ಎಂದಿದ್ದರು. ಮದುವೆಗೆ ಮೊದಲು ಮಿರಜದ ಹಾರ್ಟ್ ಡಾಕ್ಟರು ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದ್ದರು: ಈ ಗುಳಿಗೆ ಗರ್ಭದ ಮೊದಲ ತಿಂಗಳುಗಳಲ್ಲಿ ಕೂಸಿನ ಮೂಗು, ಎಲುಬುಗಳ ಬೆಳವಣಿಗೆಗೆ ತೊಂದರೆ ಮಾಡಬಹುದು. ಕೂಸು ಬೇಕು ಅನಿಸಿದರೆ ಮೊದಲು ನನ್ನ ಹತ್ತಿರ ಬನ್ನಿ. ನಾವು ತಲೆಯಾಡಿಸಿದ್ದೆವು. ಆದರೆ ಬಸುರು ನಮ್ಮನ್ನು ಹೇಳಿ ಕೇಳಿ ಬರಲಿಲ್ಲ.

ಮನೆಯಲ್ಲಿ ಪರೀಕ್ಷೆ ಮಾಡಿಕೊಂಡು ಎರಡು ಗೆರೆ ನೋಡಿದ ದಿನ ಮಿಲಿಂದ ಲೋಂಡಾದಲ್ಲಿ ಡ್ಯೂಟಿಯಲ್ಲಿದ್ದರು. ಅವರು ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಅತ್ತೆ ಇರುವುದು ಶೇಡಬಾಳದಲ್ಲಿ. ನನ್ನ ತಾಯಿ ತಂದೆ ಇಬ್ಬರೂ ಇಲ್ಲ. ರಾಯಬಾಗದ ಬಾಡಿಗೆ ಕೋಣೆಯಲ್ಲಿ ನಾನೊಬ್ಬಳೇ ಖುಷಿಪಟ್ಟೆ, ಒಬ್ಬಳೇ ಹೆದರಿದೆ. ಮಿರಜದ ಆಸ್ಪತ್ರೆಗೆ ಫೋನು ಮಾಡಿದೆ. ನನ್ನ ಹರಕುಮುರುಕು ಮರಾಠಿಯಲ್ಲಿ ಬಸುರಿಯಾಗಿದ್ದೇನೆ ಎಂದು ಹೇಳಿದೆ. ಆ ಕಡೆಯ ಹುಡುಗಿ ಅಭಿನಂದನೆ ಹೇಳಿ, ಡಾಕ್ಟರು ಊರಲ್ಲಿಲ್ಲ, ಎರಡು ವಾರದ ನಂತರ ಬನ್ನಿ ಎಂದಳು.

ಎರಡು ವಾರ ಸುಮ್ಮನೆ ಕೂಡುವುದು ಹೇಗೆ? ಊರಲ್ಲೇ ಇರುವ ಹೆರಿಗೆ ಡಾಕ್ಟರ ಹತ್ತಿರ ಹೋದೆ. ಒಳ್ಳೆಯ ಹೆಣ್ಣುಮಗಳು. ನನ್ನ ಹಳೆಯ ಚೀಟಿ ನೋಡಿದವರೇ ಗಾಬರಿಯಾದರು. ಗುಳಿಗೆಯ ಹೆಸರಿನ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದರು.

‘ಇದನ್ನ ಇವತ್ತ ಬಂದ್ ಮಾಡ್ರಿ. ಕೂಸಿಗೆ ಭಾಳ ಅಪಾಯ ಐತಿ. ಮಿರಜದಾಗ ತೋರಸ್ರಿ, ಮುಂದಿಂದ ಅವರು ಹೇಳ್ತಾರು.’

‘ಹೌದ್ರಿ ಮೇಡಂ,’ ಎಂದು ಬಂದೆ.

ನಿಲ್ಲಿಸಬೇಕು ಎಂಬುದನ್ನು ಒಬ್ಬರು ಹೇಳಿದರು. ಎರಡು ವಾರ ಬಿಟ್ಟು ಬನ್ನಿ ಎಂದು ಇನ್ನೊಬ್ಬರು ಹೇಳಿದರು. ನಡುವಿನ ದಿನಗಳಲ್ಲಿ ನನ್ನ ವಾಲ್ವನ್ನು ಕಾಯುವುದು ಯಾವುದು ಎಂದು ಯಾರೂ ಹೇಳಲಿಲ್ಲ. ಕೇಳಬೇಕೆಂದು ನನಗೂ ತಿಳಿಯಲಿಲ್ಲ. ಡಾಕ್ಟರು ಬಿಡು ಎಂದ ಮೇಲೆ ಬಿಟ್ಟರೆ ಆಯಿತು, ಅಷ್ಟೇ ಅಲ್ಲವೆ? ಫೋನಿನಲ್ಲಿ ಅತ್ತೆಗೆ ತಿಳಿಸಿದಾಗ ಅವರಂತೂ, ‘ಛಲೋ ಆತ್ ತಗೋ, ಆ ಸುಡಗಾಡ ಗುಳಗಿ ಬಿಡಿಸಿದ್ರಲ್ಲ’ ಎಂದು ಸಮಾಧಾನದ ಉಸಿರು ಬಿಟ್ಟರು. ನಿಜ ಹೇಳಬೇಕೆಂದರೆ ಆ ಸಂಜೆಗಳಲ್ಲಿ ಗುಳಿಗೆ ನುಂಗದೆ ಮಲಗುವುದು ನನಗೂ ಹಿತವಾಗಿತ್ತು. ಎಷ್ಟೋ ವರ್ಷಗಳ ನಂತರ ಎಲ್ಲರಂತೆ ಇದ್ದೇನೆ ಅನಿಸಿತ್ತು.

ಕೃತಕ ವಾಲ್ವಿಗೆ ಒಂದು ಸಪ್ಪಳ ಇರುತ್ತದೆ. ಸಣ್ಣ ಗಡಿಯಾರದ ಹಾಗೆ, ಟಿಕ್ ಟಿಕ್. ಗದ್ದಲದಲ್ಲಿ ಕೇಳಿಸದು, ಸುತ್ತ ಸದ್ದಡಗಿದರೆ ಕೇಳಿಸುತ್ತದೆ. ಮೊದಮೊದಲು ಅದರಿಂದ ಹುಚ್ಚು ಹಿಡಿದ ಹಾಗಾಗುತ್ತಿತ್ತು. ಆಮೇಲೆ ಮನೆಯ ನಲ್ಲಿ ಸೋರುವ ಸದ್ದಿನ ಹಾಗೆ ರೂಢಿಯಾಯಿತು.

ಅದೊಂದು ರವಿವಾರ ಮಧ್ಯಾಹ್ನ. ದಿಂಬುಗಳನ್ನು ಎತ್ತರಕ್ಕೆ ಇಟ್ಟುಕೊಂಡು ಒರಗಿದ್ದೆ. ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಕರೆಂಟ್ ಹೋಯಿತು. ಫ್ಯಾನ್ ನಿಧಾನಕ್ಕೆ ತಿರುಗಿ ನಿಂತಿತು. ಕೋಣೆಯಲ್ಲಿ ಯಾವ ಸದ್ದೂ ಉಳಿಯಲಿಲ್ಲ.

ಯಾವ ಸದ್ದೂ.

ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ನಾಡಿ ಓಡುತ್ತಿತ್ತು. ಟಿಕ್ ಟಿಕ್ ಮಾತ್ರ ಇರಲಿಲ್ಲ. ಇದ್ದರೂ ಎಲ್ಲೋ ಬಟ್ಟೆಯೊಳಗೆ ಸುತ್ತಿಟ್ಟಂತೆ, ಮಂದ. ಆಪರೇಷನ್ ಆದಾಗ ಮಿರಜದ ಡಾಕ್ಟರು ಹೇಳಿದ್ದ ಒಂದೇ ಮಾತು ನೆನಪಾಯಿತು: ಸಪ್ಪಳ ಕಡಿಮೆಯಾದರೆ ಒಂದು ಕ್ಷಣವೂ ಕೂಡಬೇಡ, ಬಂದುಬಿಡು.

ಮಿಲಿಂದರ ಫೋನು ಹತ್ತಲಿಲ್ಲ. ಅವರು ಲೈನಿನ ಮೇಲೆ ಕಾಡಿನಲ್ಲಿದ್ದರೆ ಹಾಗೇ ಆಗುತ್ತದೆ. ಅತ್ತೆಗೆ ಮಾಡಿದೆ. ಮಿರಜಕ್ಕೆ ಹೋಗುವ ಗಾಡಿಯಲ್ಲಿ ಬರುತ್ತೇನೆ, ಶೇಡಬಾಳ ಸ್ಟೇಷನ್ನಿನಲ್ಲಿ ನಿಂತಿರಿ ಎಂದೆ. ಆಟೊ ಮಾಡಿಕೊಂಡು ರಾಯಬಾಗ ಸ್ಟೇಷನ್ನಿಗೆ ಹೋದೆ. ಈಗ ಯೋಚಿಸಿದರೆ ಅಂಬುಲೆನ್ಸ್ ಕರೆಯಬೇಕಿತ್ತು. ಆದರೆ ಒಬ್ಬಳೇ ಇದ್ದಾಗ ಮನುಷ್ಯರಿಗೆ ದೊಡ್ಡ ಸಹಾಯ ಕೇಳಲು ನಾಚಿಕೆಯಾಗುತ್ತದೆ. ದಿನಾ ನೋಡುವ ರೈಲು ನೆನಪಾಗುತ್ತದೆ.

ಕಿಟಕಿಯ ಪಕ್ಕ ಕೂತೆ. ಕುಡಚಿ ದಾಟಿದ ಮೇಲೆ ಕೃಷ್ಣೆಯ ಸೇತುವೆ ಬಂತು. ಪ್ರತಿಸಲವೂ ನೀರು ಎಷ್ಟಿದೆ ಎಂದು ಇಣುಕುವವಳು ಅಂದು ತಲೆ ಎತ್ತಲಿಲ್ಲ. ಎದುರಿನವರು ಸೇಂಗಾ ತಿನ್ನುತ್ತ ಮಗಳ ಮದುವೆಯ ಮಾತಾಡುತ್ತಿದ್ದರು. ಇವರ ಮುಂದೆಯೇ ನಾನು ಸತ್ತುಹೋದರೆ ನನ್ನ ಹೆಸರೇನೆಂದು ಇವರಿಗೆ ಹೇಗೆ ಗೊತ್ತಾಗಬೇಕು ಅನಿಸಿತು. ಚೀಲದಿಂದ ಆಧಾರ್ ಕಾರ್ಡು ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಶೇಡಬಾಳದಲ್ಲಿ ಅತ್ತೆ ಗಾಡಿ ನಿಲ್ಲುವ ಮೊದಲೇ ರೈಲು ಬೋಗಿಯ ಜೊತೆ ಓಡುತ್ತ ಬಂದರು. ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿ ಮಗನನ್ನು ಬೆಳೆಸಿದ ಗಟ್ಟಿ ಹೆಂಗಸು ಅವರು. ಜನರನ್ನು ಸರಿಸಿ ನನ್ನ ಹತ್ತಿರ ಬಂದು ಮುಖ ನೋಡಿದರು.

‘ತುಟಿ ಯಾಕ ಹಿಂಗ ಕಪ್ಪಗ ಆಗ್ಯಾವು?’

‘ಅತ್ತಿ, ಎದಿಯಾಗಿನ ಸಪ್ಪಳ ಬಂದ್ ಆಗೈತ್ರಿ.’

ಅವರು ಎಲ್ಲರೆದುರು ಬಗ್ಗಿ ನನ್ನ ಎದೆಗೆ ಕಿವಿ ಇಟ್ಟರು. ಬಹಳ ಹೊತ್ತು ಹಾಗೇ ಇದ್ದರು.

‘ಈ ಗಾಡಿ ಗದ್ಲದಾಗ ಏನ್ ಕೇಳತೈತಿ,’ ಎಂದು ಎದ್ದು ನನ್ನ ಕೈ ಹಿಡಿದು ಕೂತರು. ಮಿರಜ ಬರುವವರೆಗೆ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನಿಂಗ್, ಎಕೋ, ಮಾಡಿದರು. ನನ್ನ ಅದೃಷ್ಟ, ಹಾರ್ಟ್ ಡಾಕ್ಟರು ಹಿಂದಿನ ದಿನವಷ್ಟೇ ಊರಿಂದ ಮರಳಿದ್ದರು. ಸ್ಕ್ರೀನ್ ನೋಡುತ್ತಲೇ ಕೇಳಿದರು.

‘ಗೋಳಿ ಕೋಣೀ ಬಂದ್ ಕೇಲೀ?’

ಗುಳಿಗೆ ನಿಲ್ಲಿಸಿದ್ದು ಯಾರು? ಅತ್ತೆ ನನ್ನನ್ನು ನೋಡಿದರು, ನಾನು ಗೋಡೆ ನೋಡಿದೆ.

ವಾಲ್ವಿಗೆ ಎರಡು ಸಣ್ಣ ಬಾಗಿಲುಗಳಿರುತ್ತವೆ. ಒಂದರ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ತೆರೆಯುತ್ತಿರಲಿಲ್ಲ. ಡಾಕ್ಟರು ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ ಬಿಡಿಸಿ ಹೇಳಿದರು.

‘ಎರಡ ಹಾದಿ ಅದಾವ. ಮತ್ತೊಮ್ಮೆ ಆಪರೇಷನ್. ಅದರಾಗ ಕೂಸು ಉಳಿಯೂದು ಕಷ್ಟ. ಇಲ್ಲಾ ಅಂದ್ರ ಗಂಟು ಕರಗೂ ಔಷಧ, ಸಾವಕಾಶ ಬಿಡಬೇಕು. ಅದರಾಗೂ ರಕ್ತಸ್ರಾವ ಆಗಬಹುದು, ಕೂಸು ಹೋಗಬಹುದು. ಆದ್ರ ನಿನಗ ಅದು ಬರೋಬರ್ ಅನಸ್ತೈತಿ ನನಗ.’

‘ಏನೂ ಮಾಡದಿದ್ರ ರಿ?’

‘ಅದು ಹಾದೀನ ಅಲ್ಲ.’

ಕೊನೆಗೂ ಮಿಲಿಂದರ ಫೋನು ಹತ್ತಿತು. ಡಾಕ್ಟರೇ ಮಾತಾಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಆ ಕಡೆಯಿಂದ ಮಿಲಿಂದ, ‘ನೀ ಉಳೀಬೇಕು ನೋಡು’ ಎಂದರು. ಅಷ್ಟೇ. ನಾನು ಔಷಧಕ್ಕೆ ಒಪ್ಪಿ ಸಹಿ ಹಾಕಿದೆ.

ಐಸಿಯುನಲ್ಲಿ ಆ ಔಷಧ ಹನಿ ಹನಿಯಾಗಿ ಒಂದು ಇಡೀ ದಿನ ಇಳಿಯಿತು. ಅಲುಗಾಡಬಾರದು. ಹಲ್ಲುಜ್ಜಬಾರದು, ಒಸಡಿನಿಂದ ರಕ್ತ ಬಂದೀತು. ಮರಾಠಿ ಮಾತಾಡುವ ಸಿಸ್ಟರ್ ಒಬ್ಬಳು ತಾಸಿಗೊಮ್ಮೆ ಬಂದು ಕೈಕಾಲು ಎತ್ತಿಸಿ, ಹೆಸರು ಕೇಳಿ ಹೋಗುತ್ತಿದ್ದಳು. ಮೆದುಳಿಗೆ ಏನಾದರೂ ಆಗಿದೆಯೇ ಎಂದು ನೋಡಲು. ಸುಜಾತಾ, ಸುಜಾತಾ ಎಂದು ನನ್ನ ಹೆಸರನ್ನೇ ಎಷ್ಟು ಸಲ ಹೇಳಿದೆನೋ. ಕೊನೆಕೊನೆಗೆ ಅದು ಬೇರೆ ಯಾರದೋ ಹೆಸರಿನಂತೆ ಕೇಳತೊಡಗಿತು. ಕೂಸಿನ ಬಗ್ಗೆ ಯೋಚಿಸಲು ಹೆದರಿ ಯೋಚಿಸಲಿಲ್ಲ. ಇನ್ನೂ ಅಲುಗಾಡದ, ಗುರುತೇ ಇಲ್ಲದ ಜೀವ. ಅದಕ್ಕೂ ನನಗೂ ಇರುವುದು ಒಂದೇ ರಕ್ತ, ಆ ರಕ್ತವೇ ಈಗ ಇಬ್ಬರ ವೈರಿ.

ಮರುದಿನ ಎಕೋದಲ್ಲಿ ಬಾಗಿಲು ಸ್ವಲ್ಪ ಅಲುಗಿತು. ಇನ್ನೊಂದು ಸುತ್ತು ಔಷಧ ಕೊಟ್ಟರು. ಅದಾದ ಮೇಲೆ ಪೂರ್ತಿ ತೆರೆಯಿತು. ಹೊಟ್ಟೆಯ ಸ್ಕ್ಯಾನಿಂಗ್ ಮಾಡುವ ಡಾಕ್ಟರು ಸ್ಕ್ರೀನಿಗೆ ಬಗ್ಗಿ ಹುಡುಕುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

‘ಬಡೀತೈತಿ,’ ಎಂದರು.

ಬಿಡುಗಡೆಯ ಮೊದಲು ಹಾರ್ಟ್ ಡಾಕ್ಟರು ನನ್ನ ಎದುರೇ ರಾಯಬಾಗದ ಹೆರಿಗೆ ಡಾಕ್ಟರಿಗೆ ಫೋನು ಮಾಡಿದರು. ದನಿ ಏರಿಸಲಿಲ್ಲ. ಇನ್ನು ಮುಂದೆ ಈಕೆಗೆ ಯಾವುದನ್ನು ಕೊಡುವುದಿದ್ದರೂ ನಿಲ್ಲಿಸುವುದಿದ್ದರೂ ನಾವಿಬ್ಬರೂ ಮಾತಾಡಿಕೊಂಡೇ ಮಾಡೋಣ ಎಂದರು. ಆಮೇಲೆ ನನಗೆ ಹೇಳಿದರು: ಮೂರು ತಿಂಗಳು ತುಂಬುವವರೆಗೆ ಗುಳಿಗೆಯ ಬದಲು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್, ದಿನಕ್ಕೆರಡು ಸಲ, ಹೊಟ್ಟೆಯ ಚರ್ಮಕ್ಕೆ. ಅದು ಕೂಸನ್ನು ಮುಟ್ಟುವುದಿಲ್ಲ. ಆಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಅದೇ ಗುಳಿಗೆ. ಹೆರಿಗೆ ಹತ್ತಿರ ಬಂದಾಗ ಮತ್ತೆ ಇಂಜೆಕ್ಷನ್. ನೀನು ಗುಳಿಗೆ ಬಿಟ್ಟದ್ದು ಅಪಾಯದ ವಾರಗಳು ಶುರುವಾಗುವ ಹೊತ್ತಿಗೆ, ಹಾಗಾಗಿ ಕೂಸಿಗೆ ಏನೂ ಆಗಿರಲಿಕ್ಕಿಲ್ಲ, ಆದರೆ ಖಾತ್ರಿ ಕೊಡಲಾರೆ.

ಖಾತ್ರಿ ಕೊಡಲಾರೆ ಎಂಬ ಮಾತಿನ ಜೊತೆಗೇ ಮುಂದಿನ ತಿಂಗಳುಗಳನ್ನು ಕಳೆದೆ.

ಕಾಲೇಜಿಗೆ ರಜೆ ಹಾಕಿ ಶೇಡಬಾಳಕ್ಕೆ ಬಂದೆ. ಅತ್ತೆ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ದ್ರಾಕ್ಷಿ ತೋಟಕ್ಕೆ ಹೋದರೆ ಮರಳುವುದು ಹೊತ್ತಿಳಿದ ಮೇಲೆ. ನಡುವೆ ಮನೆಯಲ್ಲಿ ನಾನೊಬ್ಬಳೇ. ಇಂಜೆಕ್ಷನ್ ಚುಚ್ಚಿಕೊಳ್ಳುವುದನ್ನು ಮಿರಜದಲ್ಲೇ ಕಲಿಸಿದ್ದರು. ಹೊಟ್ಟೆಯ ಚರ್ಮ ಚಿವುಟಿ ಹಿಡಿದು ನೇರ ಚುಚ್ಚಬೇಕು, ಉಜ್ಜಬಾರದು. ಮೊದಲ ಸಲ ಅರ್ಧ ಔಷಧ ಹೊರಗೆ ಚೆಲ್ಲಿತು. ಆಮೇಲೆ ರೂಢಿಯಾಯಿತು. ಹೊಟ್ಟೆಯ ತುಂಬ ನೀಲಿ ಹಳದಿ ಕಲೆಗಳು. ಬೇರೆ ಬಸುರಿಯರು ಹೊಟ್ಟೆ ಸವರಿಕೊಳ್ಳುತ್ತಾರೆ. ನಾನು ಚುಚ್ಚಲು ಜಾಗ ಹುಡುಕುತ್ತಿದ್ದೆ.

ಮತ್ತೆ ಗುಳಿಗೆ ಶುರುಮಾಡಬೇಕಾದ ಸಂಜೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

‘ಅದ ಗುಳಗಿ ಏನ? ಕೂಸಿಗೆ ನಂಜು ಅಂದಿದ್ರಲ್ಲ?’

‘ಅದರ ಅಪಾಯದ ತಿಂಗಳು ದಾಟ್ಯಾವಂತ್ರಿ. ಈಗ ನಡೀತೈತಿ ಅಂದಾರು.’

‘ಅವರು ಅಂದಾರು. ನಿನಗ ಏನ್ ಅನಸ್ತೈತಿ?’

ಇದೆಲ್ಲ ಶುರುವಾದಾಗಿನಿಂದ ನನಗೆ ಏನನಿಸುತ್ತದೆ ಎಂದು ಕೇಳಿದವರು ಅವರೊಬ್ಬರೇ. ಹೆದರಿಕೆಯಾಗುತ್ತದೆ ಎಂದೆ. ಅವರು ನೀರಿನ ಚರಿಗೆ ತಂದು ಕೊಟ್ಟು, ‘ನಾ ಇಲ್ಲೇ ಅದೀನಿ, ನುಂಗು’ ಎಂದು ಪಕ್ಕದಲ್ಲಿ ಕೂತರು. ನುಂಗಿದೆ.

ಔಷಧದ ಹೆದರಿಕೆ ಎಂಥದ್ದೆಂದರೆ, ಒಮ್ಮೆ ಹಲ್ಲುನೋವು ಬಂದಾಗ ಗಲ್ಲ ಬಾತರೂ ಏನೂ ತೆಗೆದುಕೊಳ್ಳದೆ ಗೋಡೆಗೆ ತಲೆಯಿಟ್ಟು ಕೂತೆ. ಮೆಡಿಕಲ್ ಅಂಗಡಿಯವರು ಏನನ್ನೂ ವಿಚಾರಿಸದೆ ಕೊಟ್ಟ ನೋವಿನ ಗುಳಿಗೆಯನ್ನು ಹಾಗೇ ಇಟ್ಟಿದ್ದೆ. ತಡೆಯಲಾಗದೆ ರಾಯಬಾಗದ ಡಾಕ್ಟರಿಗೆ ಫೋನು ಮಾಡಿ ಅದರ ಹೆಸರು ಓದಿದೆ. ‘ಅದು ಬ್ಯಾಡ್ರಿ. ಹೊಟ್ಟ್ಯಾಗ ಕೂಸೈತಿ, ಮ್ಯಾಲ ವಾರ್ಫರಿನ್ ನಡದೈತಿ. ಪ್ಯಾರಾಸಿಟಮಾಲ್ ತಗೋರಿ, ಎಷ್ಟು ಅಂತ ಹೇಳ್ತೀನಿ ಬರ್ಕೋರಿ,’ ಎಂದರು. ಆಮೇಲೆ, ‘ಅವತ್ತ ನಾ ನಿಮ್ಮನ್ನ ಕೂಡಿಸಿಕೊಂಡು ಆಗಿಂದಾಗ ಮಿರಜಕ್ಕ ಫೋನ್ ಮಾಡಬೇಕಿತ್ತು’ ಎಂದರು. ನಾನು ಹೂಂ ಎಂದೆ. ಆದರೆ ಅವರ ಮೇಲೆ ಒಳಗೇ ಇಟ್ಟುಕೊಂಡಿದ್ದ ಸಿಟ್ಟು ಆ ದಿನದಿಂದ ಇಳಿಯತೊಡಗಿತು.

ಮಿಲಿಂದರ ಫೋನು ದಿನಾ ಬರುತ್ತಿತ್ತು. ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಪರೀಕ್ಷೆಗೆ ಐಎನ್‌ಆರ್ ಎನ್ನುತ್ತಾರೆ. ಅವರ ಮೊದಲ ಮಾತು ಅದೇ.

‘ಐಎನ್‌ಆರ್ ಎಷ್ಟ ಬಂತು?’

ಹೇಳುತ್ತಿದ್ದೆ. ಸರಿ ಇದ್ದರೆ ಅವರು ಉಸಿರು ಬಿಡುವುದು ಕೇಳಿಸುತ್ತಿತ್ತು. ಆಮೇಲೆ ಇಬ್ಬರಿಗೂ ಮಾತಿರುತ್ತಿರಲಿಲ್ಲ. ರಜೆಗೆ ಬಂದರೂ ಬಾಗಿಲ ಹತ್ತಿರ ಕೂತು ನನ್ನನ್ನೇ ನೋಡುತ್ತಿದ್ದರು. ನೀರು ತುಂಬುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು. ಹತ್ತಿರ ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಫೋನಿನಲ್ಲಿ ಅದೇ ಪ್ರಶ್ನೆ ಬಂದಾಗ ತಡೆಯದೆ ಅಂದೆ:

‘ನಂಬರ್ ಕೇಳಬ್ಯಾಡ್ರಿ. ನನ್ನ ಕೇಳ್ರಿ.’

ಅವರು, ‘ನಿನ್ನ ಕೇಳಾಕ ಅಂಜಿಕಿ ಬರತೈತಿ, ಸುಜಾತಾ. ನಂಬರ್ ಕೇಳೂದು ಹಗುರ’ ಎಂದರು. ಅಂದು ನಾವಿಬ್ಬರೂ ಬಹಳ ಹೊತ್ತು ಫೋನು ಇಡಲಿಲ್ಲ. ಒಂದೇ ಅಂಜಿಕೆಯನ್ನು ಇಬ್ಬರೂ ಬೇರೆ ಬೇರೆ ಊರಲ್ಲಿ ಕೂತು ಪಡುತ್ತಿದ್ದೇವೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಐದನೆಯ ತಿಂಗಳಿನ ದೊಡ್ಡ ಸ್ಕ್ಯಾನಿಂಗಿನಲ್ಲಿ ಮೂಗು, ಬೆನ್ನೆಲುಬು, ಹೃದಯ ಎಲ್ಲ ಸರಿ ಕಾಣುತ್ತಿವೆ ಎಂದರು. ‘ಕಾಣುತ್ತಿವೆ’ ಎಂದರು, ‘ಇವೆ’ ಎನ್ನಲಿಲ್ಲ. ಅಂಥ ವ್ಯತ್ಯಾಸಗಳನ್ನು ಹಿಡಿಯುವುದರಲ್ಲಿ ನಾನು ಪಳಗಿಬಿಟ್ಟಿದ್ದೆ.

ಏಳನೆಯ ತಿಂಗಳಲ್ಲಿ ಅತ್ತೆ ಓಣಿಯ ನಾಲ್ಕು ಹೆಂಗಸರನ್ನು ಕರೆದು ಸೀಮಂತದ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ. ಬಳೆ ಬಿಗಿಯಾಗಿದ್ದವು, ಬಳೆಗಾರ್ತಿ ಒತ್ತಿ ಏರಿಸಿದಳು. ಊಟ ಮುಗಿಯುವಷ್ಟರಲ್ಲಿ ಎರಡೂ ಮುಂಗೈ ನೀಲಿಗಟ್ಟಿದವು. ಗುಳಿಗೆಯಿಂದ ಹಾಗಾಗುತ್ತದೆ. ಹಾಡುತ್ತಿದ್ದ ಹೆಂಗಸರು ನೋಡಿ ಹಾಡು ನಿಲ್ಲಿಸಿದರು. ಯಾರೋ ಮೆಲ್ಲಗೆ, ‘ಇಂಥಾದ್ದರಾಗ ಯಾಕ ಬೇಕಿತ್ತವಾ ಬಸರು’ ಎಂದರು. ಕೆಟ್ಟ ಮನಸ್ಸಿನಿಂದಲ್ಲ. ಅತ್ತೆ ನನ್ನ ಕೈಗಳ ಮೇಲೆ ತಮ್ಮ ಸೆರಗು ಹಾಕಿ, ‘ಹಾಡ್ರಿ ನೀವು’ ಎಂದರು. ಅವರು ಹಾಡಿದರು. ಹಸಿರು ಸೀರೆಯುಟ್ಟು ಎಲ್ಲರ ನಡುವೆ ಕೂತಿದ್ದ ನಾನು ಆ ಹಾಡನ್ನು ಪಕ್ಕದ ಮನೆಯಿಂದ ಕೇಳುವವಳ ಹಾಗೆ ಕೇಳಿದೆ.

ದಿನ ತುಂಬುವ ಸ್ವಲ್ಪ ಮೊದಲು ಮಿರಜದಲ್ಲಿ ಸೇರಿಸಿಕೊಂಡು, ಇಂಜೆಕ್ಷನ್ನಿನ ಹೊತ್ತು ನೋಡಿ ನೋವು ಬರಿಸಿದರು. ಹೆಣ್ಣು ಕೂಸು. ತೂಕ ಸ್ವಲ್ಪ ಕಡಿಮೆ. ಅಳು ಮಾತ್ರ ಜೋರು. ಮಕ್ಕಳ ಡಾಕ್ಟರು ಮೂಗು ಮುಟ್ಟಿ, ಕೈಕಾಲು ಎಳೆದು ನೋಡಿ, ಸದ್ಯಕ್ಕೆ ಯಾವ ತೊಂದರೆಯೂ ಕಾಣುವುದಿಲ್ಲ ಎಂದರಂತೆ. ನಾನು ಕೇಳಿಸಿಕೊಳ್ಳಲಿಲ್ಲ. ನನಗೆ ರಕ್ತ ಹೋಗುವುದು ನಿಲ್ಲದೆ ಮತ್ತೆ ಐಸಿಯುಗೆ ಒಯ್ದಿದ್ದರು. ಮಗಳ ಮುಖವನ್ನು ಮೊದಲು ನೋಡಿದ್ದು ಮಿಲಿಂದರ ಮೊಬೈಲಿನಲ್ಲಿ.

ವಾರ್ಡಿಗೆ ಬಂದ ಮೇಲೆ ಗುಳಿಗೆ ಮತ್ತೆ ಶುರುವಾಯಿತು. ಎದೆ ಕಲ್ಲಿನಂತೆ ಬಿಗಿದು ನೋಯುತ್ತಿತ್ತು. ಕೂಸನ್ನು ಎತ್ತಿಕೊಂಡೆ. ವಾರ್ಡಿನ ಕನ್ನಡದ ಸಿಸ್ಟರ್ ತಡೆದಳು. ‘ಈ ಗುಳಗಿ ಮ್ಯಾಲ ಕುಡಸೂದು ಬ್ಯಾಡ, ಡಾಕ್ಟರನ್ನ ಕೇಳೂಣು ತಡೀರಿ.’ ಅವಳದು ತಪ್ಪಲ್ಲ, ಕೇಳೋಣ ಎಂದಳಲ್ಲ. ಆದರೆ ಡಾಕ್ಟರು ಬರುವವರೆಗೆ ಅತ್ತೆ ಬಟ್ಟಲಿನಿಂದ ಹಾಲು ಹನಿಸುವುದನ್ನು ನೋಡುತ್ತ ಕೂತೆ. ಕೂಸು ನನ್ನ ವಾಸನೆಗೆ ಈ ಕಡೆ ಮುಖ ತಿರುಗಿಸುತ್ತಿತ್ತು. ಇದೂ ನನಗೆ ಇಲ್ಲವೇ ಎಂದುಕೊಂಡೆ. ಇಷ್ಟು ತಿಂಗಳು ಗಟ್ಟಿಯಾಗಿದ್ದವಳು ಅಂದು ಅತ್ತುಬಿಟ್ಟೆ.

ರೌಂಡ್ಸಿಗೆ ಬಂದ ಹಾರ್ಟ್ ಡಾಕ್ಟರು ವಿಷಯ ತಿಳಿದು ನಕ್ಕರು.

‘ಕುಡಸವಾ, ಕುಡಸು. ಈ ಗುಳಗಿ ಹಾಲಿನಾಗ ಇಳಿಯಂಗಿಲ್ಲ ಅಂದ್ರೂ ನಡೀತೈತಿ. ಕೂಸಿಗೆ ಏನೂ ಆಗೂದಿಲ್ಲ.’

ಈ ಸಲ ನಾನು ಕೇಳಿದೆ. ‘ಖಾತ್ರಿ ಏನ್ರಿ ಸರ್?’

‘ಇದಕ್ಕ ಖಾತ್ರಿ.’

ಇದೆಲ್ಲ ಆಗಿ ಈಗ ಕೆಲವು ತಿಂಗಳಾದವು. ಇನ್ನೊಂದು ಕೂಸು ಬೇಡ ಎಂದಿದ್ದಾರೆ, ನಾವೂ ಒಪ್ಪಿದ್ದೇವೆ. ಮಗಳ ತಪಾಸಣೆ ನಡೆಯುತ್ತಲೇ ಇರುತ್ತದೆ. ಅವಳು ಸೀನಿದರೂ ಮೂಗು ನೋಡುವ ಚಾಳಿ ನನಗೆ ಹೋಗಿಲ್ಲ. ಮಿಲಿಂದ ಇನ್ನೂ ಲೋಂಡಾದಲ್ಲೇ ಇದ್ದಾರೆ. ಫೋನಿನಲ್ಲಿ ಮೊದಲು ಮಗಳನ್ನು ಕೇಳುತ್ತಾರೆ, ಆಮೇಲೆ ನನ್ನನ್ನು, ನಂಬರನ್ನು ಕೊನೆಗೆ.

ಮೊನ್ನೆ ರಜೆ ಮುಗಿದು ಶೇಡಬಾಳದಿಂದಲೇ ಕೆಲಸಕ್ಕೆ ಹೋದೆ. ಕೂಸನ್ನು ಅತ್ತೆಯ ಹತ್ತಿರ ಬಿಟ್ಟಿದ್ದೆ. ದಿನವಿಡೀ ಕಡತಗಳ ನಡುವೆ ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಮರಳುವಾಗ ರೈಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಕುಡಚಿ ದಾಟುವಷ್ಟರಲ್ಲಿ ಎದೆ ಜುಮ್ಮೆಂದು ರವಿಕೆ ಒದ್ದೆಯಾಯಿತು. ಸೆರಗು ಎಳೆದುಕೊಂಡೆ, ಅದೂ ಒದ್ದೆಯಾಯಿತು. ನಾಚಿಕೆಯಾಯಿತು. ಆಮೇಲೆ ನಾಚಿಕೆ ಹೋಗಿ ಬೇರೇನೋ ಅನಿಸಿತು. ಯಾವ ಡಾಕ್ಟರೂ ಬರೆದುಕೊಡದೆ, ಯಾವ ಪರೀಕ್ಷೆಯೂ ಇಲ್ಲದೆ, ನನ್ನ ದೇಹ ತಾನಾಗಿಯೇ ಸರಿಯಾದ ಒಂದು ಕೆಲಸ ಮಾಡುತ್ತಿತ್ತು.

ಎದುರಿಗೆ ಕೂತಿದ್ದ ವಯಸ್ಸಾದ ಹೆಂಗಸು ನೋಡಿ, ತನ್ನ ಚೀಲದಿಂದ ಟವೆಲ್ ತೆಗೆದು ಚಾಚಿದಳು.

‘ಎಷ್ಟ ತಿಂಗಳ ಕೂಸವಾ?’

‘ಐದ್ರಿ.’

‘ಎಲ್ಲೈತಿ?’

‘ಅತ್ತಿ ಕಡೆ, ಶೇಡಬಾಳದಾಗ.’

‘ಹಸದೈತಿ ನೋಡ ಅಲ್ಲೆ. ಲಗೂನ ಹೋಗ್.’

ಗಾಡಿ ಆಗಷ್ಟೇ ಉಗಾರ ಸ್ಟೇಷನ್ ಬಿಟ್ಟಿತ್ತು. ಶೇಡಬಾಳ ಬರಲು ಇನ್ನೂ ಹೊತ್ತಿತ್ತು. ಆದರೂ ಎದ್ದು ಹೋಗಿ ಬಾಗಿಲ ಬಳಿ ನಿಂತೆ.